ನಂಜು ತುಕ್ಕಿನಲ್ಲಿಲ್ಲ, ಮಣ್ಣಿನಲ್ಲಿದೆ

ಮಾನ್ಯ ಸಂಪಾದಕರೇ,

ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಧನುರ್ವಾಯು ಖಚಿತ ಎಂಬ ಭಯ ಮನೆಮನೆಯಲ್ಲಿದೆ. ತುಕ್ಕು ಬರೀ ಕಬ್ಬಿಣದ ಆಕ್ಸೈಡ್, ವಿಷವಲ್ಲ. ರೋಗ ತರುವುದು ಮಣ್ಣು, ಸಗಣಿಯಲ್ಲಿರುವ ಕ್ಲಾಸ್ಟ್ರಿಡಿಯಂ ಟೆಟನಿ ಎಂಬ ಬ್ಯಾಕ್ಟೀರಿಯಾ. ಗಾಳಿಯಾಡದ ಆಳವಾದ ಗಾಯದಲ್ಲಿ ಅದು ಬೆಳೆದು ನಂಜು ಬಿಡುತ್ತದೆ. ಹಾಗಾಗಿ ಮಣ್ಣು ಮೆತ್ತಿದ ಹೊಸ ಮೊಳೆಯೂ, ಬೇಲಿಯ ಮುಳ್ಳೂ ಅಷ್ಟೇ ಅಪಾಯಕಾರಿ.

ಗಾಯವನ್ನು ನಲ್ಲಿ ನೀರು, ಸೋಪಿನಿಂದ ಕನಿಷ್ಠ 5 ನಿಮಿಷ ತೊಳೆಯಿರಿ. ಕಾಫಿಪುಡಿ, ಸುಣ್ಣ ಮೆತ್ತಬೇಡಿ. ಸಗಣಿಯಂತೂ ರೋಗಾಣುವನ್ನೇ ಒಳಗೆ ತುಂಬಿದಂತೆ! ಕೊಳೆ ಸೇರಿದ ಗಾಯವಾಗಿ, ಕೊನೆಯ ಧನುರ್ವಾಯು ಲಸಿಕೆಗೆ 5 ವರ್ಷ ದಾಟಿದ್ದರೆ ಟಿಡಿ (ಧನುರ್ವಾಯು ಮತ್ತು ಡಿಫ್ತೀರಿಯಾ ತಡೆಯುವ ಲಸಿಕೆ) ಚುಚ್ಚುಮದ್ದು ಬೇಕು. ಹಿಂದೆ 3 ಡೋಸ್ ಪೂರೈಸದವರಿಗೆ ಇಮ್ಯುನೊಗ್ಲಾಬ್ಯುಲಿನ್ (ನಂಜನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕಾಗಬಹುದು, ವೈದ್ಯರನ್ನು ಕೇಳಿ. ಗಾಯವಾಗಿ 24 ಗಂಟೆ ಕಳೆಯಿತೆಂದು ಚುಚ್ಚುಮದ್ದನ್ನು ಕೈಬಿಡಬೇಡಿ. ಲಕ್ಷಣಗಳು ಸಾಮಾನ್ಯವಾಗಿ 3ರಿಂದ 21 ದಿನಗಳಲ್ಲಿ ಕಾಣಿಸುವುದರಿಂದ ತಡವಾದರೂ ಹೋಗಲೇಬೇಕು. ದವಡೆ ಬಿಗಿದರೆ ಒಂದು ಕ್ಷಣವೂ ಕಾಯದೆ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.

– ವೈದ್ಯ, ಹಾಸನ