ಪಹಣಿ ಇಲ್ಲದವರ ಕೆಲಸವೂ ಲೆಕ್ಕಕ್ಕೆ ಬರಲಿ: ಮುಖ್ಯಮಂತ್ರಿಗಳಿಗೆ ಗಂಗಾವತಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳೇ, ನಮಸ್ಕಾರ.

ಹಣಕಾಸು ಖಾತೆಯೂ ನಿಮ್ಮ ಹತ್ತಿರವೇ ಇದೆ. ಅದಕ್ಕೇ ಈ ಪತ್ರ ನೇರವಾಗಿ ನಿಮಗೇ ಬರೆಯುತ್ತಿದ್ದೇನೆ.

ಸರ್ಕಾರ ದುಡ್ಡು ಖರ್ಚು ಮಾಡಿದರೆ ಕೆಲಸ ಹುಟ್ಟುತ್ತದಾ ಅಂತ ಬಜೆಟ್ ಹತ್ತಿರ ಬಂದಾಗಲೆಲ್ಲ ಟೀವಿಯಲ್ಲಿ ಚರ್ಚೆ ನಡೆಯುತ್ತದೆ. ನನಗೆ ಆಗೆಲ್ಲ ನಮ್ಮಪ್ಪ ನೆನಪಾಗುತ್ತಾರೆ. ಅವರು ಇಲ್ಲಿನ ಅಕ್ಕಿ ಮಿಲ್ಲೊಂದರಲ್ಲಿ ಹಮಾಲಿ ಮಾಡುತ್ತಿದ್ದರು. 75 ಕೆ.ಜಿ. ಭತ್ತದ ಚೀಲವನ್ನು ಬೆನ್ನ ಮೇಲೆ ಹೊತ್ತು ನನ್ನನ್ನು ಓದಿಸಿದರು. ಅವರಿಗೆ ಕೂಲಿ ಕೊಟ್ಟಿದ್ದು ಮಿಲ್ಲಿನ ಮಾಲೀಕರು, ನಿಜ. ಆದರೆ ಮಾಲೀಕರು ಇಲ್ಲಿ ಮಿಲ್ಲು ಹಾಕಿದ್ದು ಭತ್ತ ಇದ್ದದ್ದಕ್ಕೆ. ಭತ್ತ ಬಂದಿದ್ದು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ. ಆ ಅಣೆಕಟ್ಟು, ಆ ಕಾಲುವೆ ಕಟ್ಟಿದ್ದು ಸರ್ಕಾರದ ದುಡ್ಡಿನಲ್ಲಿ.

1945ರಲ್ಲಿ ಹೊಳೆಯ ಒಂದು ಕಡೆ ಮದ್ರಾಸ್, ಇನ್ನೊಂದು ಕಡೆ ಹೈದರಾಬಾದ್ ಸಂಸ್ಥಾನ ಸೇರಿ ಕೆಲಸ ಶುರು ಮಾಡಿದವು. 1953ರ ಹೊತ್ತಿಗೆ ಅಣೆಕಟ್ಟು ಎದ್ದು ನಿಂತಿತು. ಅದಕ್ಕಾಗಿ ಎಷ್ಟೋ ಹಳ್ಳಿಗಳು ಮುಳುಗಿದವು, ಅದನ್ನು ನಾವು ಮರೆಯಬಾರದು. ಮಳೆ ನಂಬಿ ಕೂತಿದ್ದ ಈ ಸೀಮೆಯಲ್ಲಿ ಹೊಳೆಗೆ ಅಡ್ಡಗಟ್ಟೆ ಹಾಕಿ, ವರ್ಷಗಟ್ಟಲೆ ಕಾಯುತ್ತೇನೆ ಅನ್ನುವ ಸಾಹುಕಾರ ಯಾರಿದ್ದ? ಸರ್ಕಾರ ಮೊದಲು ದುಡ್ಡು ಹಾಕಿತು. ಖಾಸಗಿ ದುಡ್ಡು ಆಮೇಲೆ ತಾನಾಗಿಯೇ ಬಂತು. ಮಿಲ್ಲು, ಲಾರಿ, ಟ್ರ್ಯಾಕ್ಟರ್ ರಿಪೇರಿ ಅಂಗಡಿ, ಗೊಬ್ಬರದ ಅಂಗಡಿ, ಖಾನಾವಳಿ ಎಲ್ಲ ಹಾಗೆ ಬಂದದ್ದೇ. ಗಂಗಾವತಿ, ಸಿಂಧನೂರು ಕಡೆಯನ್ನು ಜನ ಭತ್ತದ ಕಣಜ ಅನ್ನುವುದು ಅದಕ್ಕೇ.

ಸರ್ಕಾರದ ಎಲ್ಲ ಖರ್ಚೂ ಹೀಗೆ ಫಲ ಕೊಡುತ್ತದೆ ಅಂತ ನಾನು ಹೇಳುವುದಿಲ್ಲ. ಮೊದಲ ಮಳೆಗೇ ಕಿತ್ತುಹೋಗುವ ಡಾಂಬರು ಹಾಕಿದರೆ ಕೆಲಸ ಹದಿನೈದು ದಿನ ಇರುತ್ತದೆ, ಅಷ್ಟೇ. ಕಾಲುವೆ ಮೂರು ತಲೆಮಾರಿಗೆ ಕೆಲಸ ಕೊಟ್ಟಿದೆ. ಆದರೆ ಅದನ್ನು ನೋಡಿಕೊಳ್ಳುವ ಖರ್ಚು ಇದೆಯಲ್ಲ, ಅದು ಬಜೆಟ್‌ನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಗೇಟಿಗೆ ಗ್ರೀಸ್ ಹಚ್ಚಿದ್ದಕ್ಕೆ, ಚೈನ್ ಬದಲಿಸಿದ್ದಕ್ಕೆ ಯಾರೂ ಶಂಕುಸ್ಥಾಪನೆ ಮಾಡುವುದಿಲ್ಲ, ಅಲ್ವಾ?

2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 19ನೇ ಕ್ರಸ್ಟ್ ಗೇಟಿನ, ಅಂದರೆ ಮೇಲಿಂದ ಹೊಳೆಗೆ ನೀರು ಬಿಡುವ ಬಾಗಿಲಿನ, ಚೈನ್ ತುಂಡಾಯಿತು. ಗೇಟು ಕೊಚ್ಚಿಹೋಯಿತು. ತುಂಬಿದ ಡ್ಯಾಂನ ನೀರು ಕಣ್ಣೆದುರಿಗೇ ಹೊಳೆಗೆ ಹೋಗುವಾಗ ಇಡೀ ಸೀಮೆ ನಿದ್ದೆ ಮಾಡಲಿಲ್ಲ. ಕನ್ನಯ್ಯ ನಾಯ್ಡು ಅವರಂಥ ಹಿರಿಯ ತಜ್ಞರು ಮತ್ತು ಅಲ್ಲಿ ದುಡಿದ ಕಾರ್ಮಿಕರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಜಾಗ ಮುಚ್ಚುವ ತಾತ್ಕಾಲಿಕ ತಡೆ) ಇಳಿಸಿ ಉಳಿದ ನೀರನ್ನು ಕಾಪಾಡಿದರು. ಅವರಿಗೆ ನಾವು ಋಣಿಗಳು. ಆಮೇಲೆ ಡ್ಯಾಂನ ಎಲ್ಲ 33 ಗೇಟುಗಳನ್ನೂ ಬದಲಿಸಬೇಕು ಅಂತಾಯಿತು. ಆ ಕೆಲಸಕ್ಕಾಗಿ 2025-26ರಲ್ಲಿ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನ ಬಂತು.

ಗೇಟು ಬದಲಿಸಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ನಾನು ಕೇಳುವುದು ಬೇರೆ. ಬೆಳೆ ಹೋದರೆ ರೈತರ ನಷ್ಟದ ಮಾತು ಬರುತ್ತದೆ, ಬರಲೇಬೇಕು. ಆ ಲೆಕ್ಕ ಎಕರೆ ಮೇಲೆ, ಪಹಣಿ ನೋಡಿ ಆಗುತ್ತದೆ. ಹಮಾಲರಿಗೆ ಪಹಣಿ ಎಲ್ಲಿದೆ? ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳಿಗೆ ಪಹಣಿ ಎಲ್ಲಿದೆ? ಒಂದು ಬೆಳೆ ಇಲ್ಲ ಅಂದರೆ ಅವರಿಗೆ ನಾಟಿ ಇಲ್ಲ, ಕಳೆ ಇಲ್ಲ, ಚೀಲ ಹೊರುವ ಕೆಲಸವೂ ಇಲ್ಲ. ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಅವರ ನಷ್ಟ ಯಾವ ಫೈಲಿನಲ್ಲೂ ಇಲ್ಲ.

ನಮ್ಮವ್ವನಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದೆ. ಅದು ನಮ್ಮ ಓಣಿಯ ಕಿರಾಣಿ ಅಂಗಡಿಗೇ ಹೋಗುತ್ತದೆ, ಆ ಅಂಗಡಿಯೂ ನಡೆಯುತ್ತದೆ. ಅದನ್ನು ದಂಡ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಆದರೆ ದುಡಿಯುವ ಕೈಗೆ ಅದೊಂದೇ ಸಾಲದು.

ಹಾಗಾಗಿ ಕೇಳುತ್ತಿದ್ದೇನೆ. ಕಾಲುವೆಗೆ ನೀರು ಬಿಡದ ದಿನಗಳಲ್ಲೇ ಉಪಕಾಲುವೆಗಳ ಹೂಳು ತೆಗೆಸಿ, ಒಡೆದ ಕಟ್ಟೆ ಕಟ್ಟಿಸಿ. ಆ ಕೆಲಸ ಪೂರ್ತಿ ಜೆಸಿಬಿಗೆ ಹೋಗುವುದು ಬೇಡ. ಕೆಲಸ ಕಳೆದುಕೊಂಡ ಇದೇ ಜನರಿಗೆ ಕೊಡಿ, ಕೂಲಿ ವಾರಕ್ಕೆ ಸರಿಯಾಗಿ ಕೊಡಿ. ಹೂಳು ಹೋದರೆ ಟೇಲೆಂಡ್, ಅಂದರೆ ಕಾಲುವೆಯ ಕೊನೆಯ ಭಾಗದ ರೈತರಿಗೂ ನೀರು ಮುಟ್ಟುತ್ತದೆ. ಡ್ಯಾಂನಲ್ಲೇ ಹೂಳು ತುಂಬಿ 133 ಟಿಎಂಸಿ ಜಾಗ ಸುಮಾರು 105ಕ್ಕೆ ಇಳಿದಿದೆ. ಅದಕ್ಕೆ ಪರಿಹಾರ ಅಂತ ನಮ್ಮ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಕಟ್ಟುತ್ತೇವೆ ಎಂದು ಹೇಳುವ ಜಲಾಶಯದ ಮಾತು ವರ್ಷಗಳಿಂದ ಕೇಳುತ್ತಲೇ ಇದ್ದೇವೆ. ಆಗುತ್ತದಾ, ಇಲ್ಲವಾ, ಒಮ್ಮೆ ಬಿಚ್ಚಿ ಹೇಳಿ.

ಅಣೆಕಟ್ಟು ನೋಡಿಕೊಳ್ಳುವುದು ತುಂಗಭದ್ರಾ ಮಂಡಳಿ, ಅದರಲ್ಲಿ ಬೇರೆ ರಾಜ್ಯಗಳೂ ಇವೆ ಎಂಬುದು ಗೊತ್ತು. ಆದರೆ ನಮ್ಮ ಪಾಲಿನ ದುಡ್ಡು ತಡವಾಗದಂತೆ ನೋಡುವುದು ನಿಮ್ಮ ಕೈಯಲ್ಲಿದೆ. 4 ಲಕ್ಷ ಕೋಟಿ ದಾಟಿದ ಬಜೆಟ್‌ನಲ್ಲಿ ಗೇಟು, ಕಾಲುವೆಗಳ ನಿರ್ವಹಣೆಗೆ ಅಂತಲೇ ಒಂದು ಪ್ರತ್ಯೇಕ ಲೆಕ್ಕಶೀರ್ಷಿಕೆ ಇಡಿ. ವರ್ಷದ ಕೊನೆಗೆ ಆ ದುಡ್ಡು ಬೇರೆ ಕಡೆ ತಿರುಗದಂತೆ ಕಟ್ಟು ಹಾಕಿ. ಪ್ರತಿ ಏಪ್ರಿಲ್‌ನಲ್ಲಿ ಯಾವ ಗೇಟು ಹೇಗಿದೆ ಅಂತ ಕನ್ನಡದಲ್ಲಿ ಬರೆದು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿ. ನಮ್ಮ ಮಿಲ್ಲುಗಳ ಹಮಾಲರು ಅದನ್ನು ನಿಂತು ಓದುತ್ತಾರೆ.

ಇಂತಿ,
ಗಂಗಾವತಿಯ ಒಬ್ಬ ಹಮಾಲರ ಮಗ