ಮನೆಗೆ ಪರಿಹಾರ ಕೊಟ್ಟಿರಿ, ದುಡಿಮೆಗೆ?

ಮಾನ್ಯ ಸಂಪಾದಕರೇ,

ನೆರೆ ಬಂದಾಗಲೆಲ್ಲ ಪತ್ರಿಕೆಯಲ್ಲಿ ಎರಡು ಲೆಕ್ಕ ಬರುತ್ತವೆ. ಎಷ್ಟು ಮನೆ ಬಿದ್ದವು, ಎಷ್ಟು ಹೆಕ್ಟೇರ್ ಬೆಳೆ ಹೋಯಿತು. ಸರ್ಕಾರದ ಪರಿಹಾರವೂ ಹೆಚ್ಚುಕಡಿಮೆ ಈ ಎರಡರ ಸುತ್ತಲೇ ತಿರುಗುತ್ತದೆ. ಅದು ಬೇಕು, ಬೇಡ ಅನ್ನುವವರು ಯಾರೂ ಇಲ್ಲ. ಆದರೆ ಮಗ್ಗ, ಹೊಲಿಗೆ ಮಷೀನು, ಕಿರಾಣಿ ಅಂಗಡಿ, ಪಂಕ್ಚರ್ ಅಂಗಡಿ, ಎರಡು ಎಮ್ಮೆ, ಲಾವಣಿಗೆ (ಗೇಣಿಗೆ) ಹಿಡಿದ ಹೊಲ, ಇವುಗಳ ಮೇಲೆ ಬದುಕುವವರ ಸಂಖ್ಯೆ ನಮ್ಮ ಕಡೆ ತುಂಬಾ ಜಾಸ್ತಿ. ಇವರ ಹೆಸರು ಪಹಣಿಯಲ್ಲಿ ಇಲ್ಲ, ಮನೆಯ ಉತಾರದಲ್ಲೂ ಇಲ್ಲ. ಹೆಸರು ಇಲ್ಲದವರಿಗೆ ಪರಿಹಾರವೂ ಇಲ್ಲ. ಇದನ್ನು ಹೇಳಬೇಕು ಅಂತಲೇ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೆ ದಯವಿಟ್ಟು ಕತ್ತರಿಸಬೇಡಿ.

ನಾನು ಬೆಳಗಾವಿ ಜಿಲ್ಲೆ ರಾಮದುರ್ಗದವನು. ನಮ್ಮದು ನೇಕಾರರ ಓಣಿ. 2019ರ ಆಗಸ್ಟ್‌ನಲ್ಲಿ ಮೇಲಿನ ಮಳೆ, ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರು ಎರಡೂ ಸೇರಿ ಮಲಪ್ರಭೆ ಊರೊಳಗೆ ಬಂದಳು. ಅದರ ಹಿಂದಿನ ವರ್ಷಗಳಲ್ಲಿ ಇದೇ ಹೊಳೆ ಒಣಗಿ ಬರದಲ್ಲಿ ಒದ್ದಾಡಿದ್ದೆವು. ಹೊಳೆಯ ದಂಡೆ ಒತ್ತುವರಿಯಾಗಿ ಪಾತ್ರ ಕಿರಿದಾಗಿದೆ, ನೀರಿಗೆ ಹರಿಯಲು ಜಾಗವೇ ಇಲ್ಲ. ಅದಕ್ಕೆ ಬೇರೆಯೇ ಪತ್ರ ಬರೆಯಬೇಕು, ಇಲ್ಲಿ ಬೇಡ.

ಕುಣಿ ಮಗ್ಗಕ್ಕೆ ನೀರು ನುಗ್ಗಿದರೆ ಏನಾಗುತ್ತದೆ ಅಂತ ಬೆಂಗಳೂರಿನಲ್ಲಿ ಕೂತು ಲೆಕ್ಕ ಹಾಕುವವರಿಗೆ ಗೊತ್ತಿರಲಿಕ್ಕಿಲ್ಲ. ನೇಕಾರ ಕಾಲು ಇಳಿಬಿಟ್ಟು ಕೂರುವ ಕುಣಿ ನೆಲದೊಳಗೆ ಇರುತ್ತದೆ. ಓಣಿಯ ನೀರು ಇಳಿದರೂ ಕುಣಿಯ ನೀರು ಇಳಿಯುವುದಿಲ್ಲ. ಕೊಡದಿಂದ ಎತ್ತಿ ಹೊರಗೆ ಹಾಕಬೇಕು, ಆಮೇಲೆ ತಳದ ರಾಡಿ ತೆಗೆಯಬೇಕು. ಕಟ್ಟಿಗೆ ಉಬ್ಬಿರುತ್ತದೆ, ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಹಣಿಗೆಗೆ ತುಕ್ಕು ಹಿಡಿದಿರುತ್ತದೆ. ಗಂಜಿ ಹಚ್ಚಿದ ಹಾಸು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಹೂಡಿದ ನೂಲು, ನೆಂದರೆ ಎಳೆಗೆ ಎಳೆ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಹರಿಯುತ್ತದೆ, ಕೊನೆಗೆ ಇಡೀ ಹಾಸನ್ನೇ ಕತ್ತರಿಸಿ ತಿಪ್ಪೆಗೆ ಹಾಕಬೇಕು. ವಿದ್ಯುತ್ ಮಗ್ಗದವರದು ಇನ್ನೂ ಕಷ್ಟ, ಮೋಟಾರಿನೊಳಗೆ ರಾಡಿ ಹೋಗಿರುತ್ತದೆ, ಡಿಸೈನ್ ಮೂಡಿಸುವ ಜಕಾರ್ಡಿನ ರಟ್ಟಿನ ಕಾರ್ಡುಗಳು ನೆಂದು ಉಬ್ಬಿ ಡಿಸೈನೇ ಹಾಳಾಗಿರುತ್ತದೆ. ಇನ್ನೊಂದು ಮಾತು. ಮಜೂರಿಗೆ (ಕೂಲಿಗೆ) ನೇಯುವವನ ಮಗ್ಗದ ಮೇಲಿರುವ ನೂಲು ಅವನದಲ್ಲ, ಕೊಟ್ಟ ಸಾಹುಕಾರರದು. ಹಾಳಾದ ನೂಲಿನ ದುಡ್ಡನ್ನು ಮುಂದಿನ ಮಜೂರಿಯಲ್ಲಿ ಮುರಿದುಕೊಳ್ಳುತ್ತಾರೆ. ಹೀಗಾಗಿ ನೆರೆ ಹೋದ ಮೇಲೆ ನೇಕಾರ ಶೂನ್ಯದಿಂದ ಶುರು ಮಾಡುವುದಿಲ್ಲ, ಸಾಲದಿಂದ ಶುರು ಮಾಡುತ್ತಾನೆ.

ಆಗ ರಾಜ್ಯ ಸರ್ಕಾರ ಮಾಡಿದ ಒಳ್ಳೆಯ ಕೆಲಸವನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಪೂರ್ತಿ ಬಿದ್ದ ಮನೆಗೆ ಕೇಂದ್ರದ ಮಾರ್ಗಸೂಚಿ ಪ್ರಕಾರ ಸಿಗಬೇಕಿದ್ದದ್ದು 95,100 ರೂಪಾಯಿ. ರಾಜ್ಯ ಅದನ್ನು 5 ಲಕ್ಷಕ್ಕೆ ಏರಿಸಿತು. ನೀರು ನುಗ್ಗಿದ ಕುಟುಂಬಕ್ಕೆ ತಕ್ಷಣ 10 ಸಾವಿರ ಕೊಟ್ಟಿತು. ಕೈಕಸುಬಿನವರ ಉಪಕರಣಕ್ಕೆ ಕೇಂದ್ರದ ಲೆಕ್ಕದಲ್ಲಿ ಆಗ ಇದ್ದದ್ದು 4,100, ಕಚ್ಚಾ ಮಾಲಿಗೆ ಇನ್ನೊಂದು 4,100. ರಾಜ್ಯ ಪ್ರತಿ ಮಗ್ಗಕ್ಕೆ 25 ಸಾವಿರ ಘೋಷಿಸಿತು. ಅಂದರೆ ಮನಸ್ಸು ಮಾಡಿದರೆ ರಾಜ್ಯ ಕೇಂದ್ರದ ಮಾರ್ಗಸೂಚಿ ದಾಟಿ ಕೊಡಬಹುದು. ಕೊಟ್ಟಿದೆ ಕೂಡ.

ತೊಂದರೆ ಬಂದದ್ದು ಅದು ಕೈಗೆ ಮುಟ್ಟುವ ಹಾದಿಯಲ್ಲಿ. ನಮ್ಮ ಓಣಿಯಲ್ಲಿ ಬಾಡಿಗೆ ಮನೆಯಲ್ಲಿ ಎರಡು ಮಗ್ಗ ಇಟ್ಟುಕೊಂಡು ಗಂಡ ಹೆಂಡತಿ ನೇಯುತ್ತಿದ್ದರು, ವಯಸ್ಸಾದ ತಾಯಿ ಕಂಡಿಕೆ ಸುತ್ತುತ್ತಿದ್ದರು. ಸರ್ವೆಗೆ ಬಂದವರು ಕೇಳಿದ ಮೊದಲ ಪ್ರಶ್ನೆ, ಮನೆ ಯಾರದು? ಮನೆ ಮಾಲೀಕರು ಬೇರೆ ಊರಲ್ಲಿ ಇದ್ದಾರೆ. ಎರಡನೇ ಪ್ರಶ್ನೆ, ಮಗ್ಗಕ್ಕೆ ಕಾಗದ ಇದೆಯಾ? ಅಪ್ಪನ ಕಾಲದ ಮಗ್ಗಕ್ಕೆ ಯಾವ ಕಾಗದ ಇರುತ್ತದೆ? ಗೋಡೆ ಬಿದ್ದ ಫೋಟೊ ತೆಗೆದುಕೊಂಡು ಹೋದರು. ಗೋಡೆಯ ದುಡ್ಡು ಮಾಲೀಕರಿಗೆ ಬಂತು, ಅದು ನ್ಯಾಯವೇ. ಗೋಡೆ ಬಿದ್ದದ್ದು ಮಗ್ಗದ ಮೇಲೆ, ಆ ಮಗ್ಗದ ಲೆಕ್ಕ ಎಲ್ಲೂ ಹತ್ತಲಿಲ್ಲ. ಆ ಕುಟುಂಬ ಈಗ ಮಹಾರಾಷ್ಟ್ರದ ಇಚಲಕರಂಜಿಯಲ್ಲಿದೆ, ಬೇರೆಯವರ ವಿದ್ಯುತ್ ಮಗ್ಗದಲ್ಲಿ ಪಾಳಿ ಲೆಕ್ಕದಲ್ಲಿ ದುಡಿಯುತ್ತಿದೆ. ಸರ್ವೆಗೆ ಬಂದ ಆ ಹುಡುಗರನ್ನು ನಾನು ಬೈಯುವುದಿಲ್ಲ. ಅವರ ಕೈಯಲ್ಲಿದ್ದ ನಮೂನೆಯಲ್ಲಿ ಮನೆ ಎಷ್ಟು ಹಾಳಾಗಿದೆ ಅನ್ನುವುದಕ್ಕೆ ಎ, ಬಿ, ಸಿ ಅಂತ ಕಾಲಂ ಇತ್ತು, ದುಡಿಮೆಗೆ ಕಾಲಂ ಇರಲಿಲ್ಲ.

ಒಬ್ಬ ನೇಕಾರ ಊರು ಬಿಟ್ಟರೆ ಅಲ್ಲಿಗೆ ಮುಗಿಯುವುದಿಲ್ಲ. ಮಜೂರಿ ನಿಂತಿತು ಅಂದರೆ ಕಿರಾಣಿ ಅಂಗಡಿಯ ಉದ್ರಿ ತೀರುವುದು ನಿಂತಿತು. ಕಿರಾಣಿಯವರು ಹುಬ್ಬಳ್ಳಿಯ ಹೋಲ್‌ಸೇಲ್‌ನವರಿಗೆ ಬಾಕಿ ಉಳಿಸಿಕೊಂಡರು. ಅವರ ಅಂಗಡಿಯೊಳಗೂ ನೀರು ಹೊಕ್ಕಿತ್ತು, ಸಕ್ಕರೆ ಚೀಲ, ಬೇಳೆ ಚೀಲ ಎಲ್ಲ ಕೆಸರು. ವಿಪತ್ತು ಪರಿಹಾರ ನಿಧಿಗೆ (ಎಸ್‌ಡಿಆರ್‌ಎಫ್) ಕೇಂದ್ರ ಮಾಡಿದ ದರ ಪಟ್ಟಿಯಲ್ಲಿ ಹಸುಗೆ ದರ ಇದೆ, ಕುರಿಗೆ ದರ ಇದೆ, ಕೋಳಿಗೂ ದರ ಇದೆ, ಅಂಗಡಿಯ ಮಾಲಿಗೆ ಒಂದು ಸಾಲೂ ಇಲ್ಲ. ಸಂತೆಯ ದಿನ ಬಂದು ನೋಡಿದರೆ ಗೊತ್ತಾಗುತ್ತಿತ್ತು, ಜನ ಬರುತ್ತಿದ್ದರು, ಕೊಳ್ಳುತ್ತಿರಲಿಲ್ಲ.

ಹೊಲದ ಕಡೆಗೂ ಇದೇ ಕಥೆ. 2025ರಲ್ಲಿ ಭೀಮಾ ತೀರದಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು ಮುಳುಗಿದಾಗ ರಾಜ್ಯ ಸರ್ಕಾರ ಹೆಕ್ಟೇರ್‌ಗೆ 8,500 ರೂಪಾಯಿ ಹೆಚ್ಚುವರಿ ಕೊಡುವುದಾಗಿ ಹೇಳಿತು. ಮಳೆ ಆಶ್ರಿತ ಬೆಳೆಗೆ 17,000, ನೀರಾವರಿಗೆ 25,500, ಬಹುವಾರ್ಷಿಕ ಬೆಳೆಗೆ 31,000. ಒಳ್ಳೆಯ ತೀರ್ಮಾನ. ಆದರೆ ಈ ದುಡ್ಡು ಹೋಗುವುದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಬೀಜ, ಗೊಬ್ಬರ, ಕಳೆ ತೆಗೆದ ಕೂಲಿ ಎಲ್ಲ ಲಾವಣಿ ಹಿಡಿದವನದು, ಪರಿಹಾರ ಮಾತ್ರ ಪಟ್ಟಣದಲ್ಲಿರುವ ಮಾಲೀಕರಿಗೆ. ಕೆಲವರು ಕರೆದು ಕೊಡುತ್ತಾರೆ, ಅಂಥವರೂ ಇದ್ದಾರೆ. ಕೊಡದಿದ್ದರೆ ಕೇಳುವ ಹಾಗಿಲ್ಲ.

ಯಾಕೆ ಕೇಳುವ ಹಾಗಿಲ್ಲ ಅಂದರೆ, 1974ರಲ್ಲಿ ಭೂ ಸುಧಾರಣೆ ಕಾಯ್ದೆ ತಿದ್ದುಪಡಿ ಆದ ಮೇಲೆ ನಮ್ಮ ರಾಜ್ಯದಲ್ಲಿ ಜಮೀನು ಗೇಣಿಗೆ ಕೊಡುವುದೇ ನಿಷೇಧ. ಉಳುವವನಿಗೆ ಭೂಮಿ ಕೊಡಿಸಿದ ಆ ಕಾಯ್ದೆಯ ಬಗ್ಗೆ ನನಗೆ ಗೌರವ ಇದೆ, ನಮ್ಮ ತಾಲ್ಲೂಕಿನಲ್ಲಿ ಎಷ್ಟೋ ಮನೆತನ ಅದರಿಂದಲೇ ತಲೆ ಎತ್ತಿವೆ. ಆದರೆ ಈಗ ಲಾವಣಿ ಊರಿಗೆಲ್ಲ ಗೊತ್ತಿರುವ ವ್ಯವಹಾರ, ಕಾಗದದ ಮೇಲೆ ಮಾತ್ರ ಇಲ್ಲ. ಬರೆದು ಕೊಟ್ಟರೆ ಜಮೀನೇ ಹೋದೀತು ಅಂತ ಮಾಲೀಕರಿಗೆ ಭಯ. ಆಂಧ್ರದಲ್ಲಿ 2019ರಲ್ಲಿ ಒಂದು ಕಾನೂನು ಮಾಡಿದರು. ಮಾಲೀಕ ಮತ್ತು ಸಾಗುವಳಿದಾರ 11 ತಿಂಗಳ ಒಪ್ಪಂದ ಮಾಡಿಕೊಂಡರೆ ಸಾಗುವಳಿದಾರನಿಗೆ ಒಂದು ಕಾರ್ಡು ಸಿಗುತ್ತದೆ. ಅದರಿಂದ ಬೆಳೆ ಸಾಲ, ವಿಮೆ, ಪರಿಹಾರ ಕೇಳಬಹುದು, ಭೂಮಿಯ ಮೇಲೆ ಹಕ್ಕು ಮಾತ್ರ ಬರುವುದಿಲ್ಲ. ಅಲ್ಲೂ ಮಾಲೀಕರು ಸಹಿ ಹಾಕಲು ಹಿಂದೆಮುಂದೆ ನೋಡುತ್ತಾರೆ ಅನ್ನುವುದು ನಿಜ. ಆದರೂ ಕೇಳಲು ಒಂದು ಬಾಗಿಲು ಇದೆಯಲ್ಲ. ನಮಗೆ ಅದೂ ಇಲ್ಲ.

ಕೇರಳದ ಒಂದು ಉದಾಹರಣೆ ಹೇಳುತ್ತೇನೆ. 2018ರ ನೆರೆಯಲ್ಲಿ ಎರ್ನಾಕುಲಂ ಜಿಲ್ಲೆಯ ಚೇಂದಮಂಗಲಂ ನೇಕಾರರು ಓಣಂ ಮಾರಾಟಕ್ಕೆ ನೇಯ್ದಿಟ್ಟ ಬಟ್ಟೆಯನ್ನೆಲ್ಲ ಕಳೆದುಕೊಂಡರು, ಮಗ್ಗಗಳೂ ಹಾಳಾದವು. ಆ ಕೆಸರು ಹಿಡಿದ ಬಟ್ಟೆಯಿಂದ ಚೇಕುಟ್ಟಿ ಅನ್ನುವ ಪುಟ್ಟ ಗೊಂಬೆ ಮಾಡಿ ಮಾರಿ ನೇಕಾರರ ಸಂಘಕ್ಕೆ ದುಡ್ಡು ತಲುಪಿಸಿದರು, ಅದು ಜನರು ಮಾಡಿದ ಕೆಲಸ. ಸರ್ಕಾರ ಮಾಡಿದ್ದು ಏನು ಅಂದರೆ, ಕುಟುಂಬಶ್ರೀ ಮಹಿಳಾ ಗುಂಪುಗಳ ಮೂಲಕ ನೆರೆ ಸಂತ್ರಸ್ತ ಮನೆಗಳಿಗೆ 1 ಲಕ್ಷ ರೂಪಾಯಿವರೆಗೆ ಬ್ಯಾಂಕ್ ಸಾಲ, ಬಡ್ಡಿ ಪೂರ್ತಿ ಸರ್ಕಾರದ್ದು. ಇಲ್ಲಿ ಮುಖ್ಯವಾದ ಮಾತು, ಯಾರ ಮನೆಯಲ್ಲಿ ಏನು ಹೋಗಿದೆ ಅಂತ ಗುಂಪಿನ ಹೆಣ್ಣುಮಕ್ಕಳಿಗೆ ಗೊತ್ತು. ಕಾಗದ ಇಲ್ಲದಿದ್ದರೂ ಗೊತ್ತು. ನಮ್ಮಲ್ಲಿ ಸ್ತ್ರೀಶಕ್ತಿ ಗುಂಪುಗಳಿವೆ, ಸಂಜೀವಿನಿ ಒಕ್ಕೂಟಗಳಿವೆ, ಪ್ರತಿ ಹಳ್ಳಿಯಲ್ಲೂ ಇವೆ. ಇವರನ್ನು ಸುಮ್ನೆ ಸಭೆ ಸಮಾರಂಭಕ್ಕೆ ಕರೆಯುವ ಬದಲು ನೆರೆ ಸರ್ವೆಗೆ ಕರೆಯಬಹುದಲ್ವಾ?

ದಾಖಲೆ ಇಲ್ಲದೆ ದುಡ್ಡು ಕೊಟ್ಟರೆ ಸುಳ್ಳು ಫಲಾನುಭವಿಗಳು ಹುಟ್ಟಿಕೊಳ್ಳುತ್ತಾರೆ ಅಂತ ಅಧಿಕಾರಿಗಳು ಹೇಳುತ್ತಾರೆ. ಈ ಭಯ ನಿಜವಾದದ್ದೇ, ದಾಖಲೆ ಕೇಳಿದಾಗಲೂ ಬಿ ದರ್ಜೆಯ ಮನೆ ಎ ಆಗಿದ್ದು, ಎ ದರ್ಜೆಯದು ಸಿ ಆಗಿದ್ದು ನಾವು ಕಣ್ಣಾರೆ ನೋಡಿದ್ದೇವೆ. ಆದರೆ ಹುಡುಕಿದರೆ ದುಡಿಮೆಗೂ ಸಾಕ್ಷಿ ಸಿಗುತ್ತದೆ. ವಿದ್ಯುತ್ ಮಗ್ಗಕ್ಕೆ ಪ್ರತ್ಯೇಕ ಆರ್.ಆರ್. ನಂಬರ್ ಇದೆ, ತಿಂಗಳ ಬಿಲ್ ಇದೆ. ಎಮ್ಮೆ ಇಟ್ಟವರ ಹೆಸರು ಹಾಲಿನ ಸೊಸೈಟಿಯ ಪುಸ್ತಕದಲ್ಲಿದೆ. ಅಂಗಡಿಗೆ ಪುರಸಭೆಯ ಲೈಸೆನ್ಸ್ ಇದೆ, ತಳ್ಳುಗಾಡಿಯವರಿಗೆ ಪಿಎಂ ಸ್ವನಿಧಿ ಸಾಲದ ದಾಖಲೆ ಇದೆ. ಮಜೂರಿ ನೇಕಾರನಿಗೆ ನೂಲು ಕೊಟ್ಟವರ ಚೀಟಿ ಇದೆ. ಇಷ್ಟೂ ಇಲ್ಲದವರ ಹೆಸರನ್ನು ಗ್ರಾಮ ಸಭೆಯಲ್ಲಿ, ಪಟ್ಟಣದಲ್ಲಾದರೆ ವಾರ್ಡಿನಲ್ಲಿ ಎಲ್ಲರ ಎದುರು ಗಟ್ಟಿಯಾಗಿ ಓದಲಿ. ಓಣಿಯವರ ಮುಂದೆ ನಿಂತು ಇಲ್ಲದ ಮಗ್ಗವನ್ನು ಇದೆ ಅನ್ನುವುದು ಅಷ್ಟು ಸುಲಭ ಅಲ್ಲ.

ದುಡ್ಡು ಕೊಟ್ಟರಷ್ಟೇ ಸಾಲದು, ಕೆಲಸವೂ ಬೇಕು. ರಿಪೇರಿಯಾದ ಮಗ್ಗಕ್ಕೆ ನೇಯಲು ಆರ್ಡರ್ ಇಲ್ಲದಿದ್ದರೆ ಏನು ಪ್ರಯೋಜನ? ಹುಬ್ಬಳ್ಳಿಯಲ್ಲೇ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಇದೆ. ವಿದ್ಯಾವಿಕಾಸ ಯೋಜನೆಯ ಶಾಲಾ ಸಮವಸ್ತ್ರದ ಬಟ್ಟೆ ನೇಯಿಸಿದ ಅನುಭವ ಅದಕ್ಕಿದೆ. ನೆರೆ ಬಂದ ವರ್ಷ ಆ ತಾಲ್ಲೂಕುಗಳ ಮಗ್ಗಗಳಿಗೆ ಮೊದಲ ಆರ್ಡರ್ ಕೊಡಲಿ. ಸಮವಸ್ತ್ರ ಮಾತ್ರ ಯಾಕೆ, ಸರ್ಕಾರಿ ಆಸ್ಪತ್ರೆಯ ಹಾಸಿಗೆ ಬಟ್ಟೆ, ಹಾಸ್ಟೆಲ್‌ನ ಜಮಖಾನ, ಟವೆಲ್, ಇವನ್ನೆಲ್ಲ ಸರ್ಕಾರ ಹೇಗಿದ್ದರೂ ಕೊಳ್ಳುತ್ತದೆ. ನೂಲನ್ನು ನಿಗಮವೇ ಕೊಟ್ಟು ಮಜೂರಿಯ ಒಂದು ಭಾಗವನ್ನು ಮುಂಗಡ ಕೊಟ್ಟರೆ ಸಾಹುಕಾರರ ಬಾಕಿಯ ಹಿಡಿತದಿಂದಲೂ ನೇಕಾರ ಸ್ವಲ್ಪ ಹೊರಗೆ ಬರುತ್ತಾನೆ.

2009ರ ನೆರೆ ಆದ ಮೇಲೆ ಸಂತ್ರಸ್ತರಿಗೆ ಆಸರೆ ಅನ್ನುವ ಯೋಜನೆಯಲ್ಲಿ ಮನೆಗಳನ್ನು ಕಟ್ಟಿದರು. ಬೆಳಗಾವಿ, ಬಾಗಲಕೋಟೆ ಕಡೆ ಓಡಾಡಿದವರಿಗೆ ಗೊತ್ತು, ಎತ್ತರದ ಜಾಗದಲ್ಲಿ ಸಾಲಾಗಿ ನಿಂತ ಮನೆಗಳು, ಕೆಲವಕ್ಕೆ ಬಾಗಿಲು ಕಿಟಕಿ ಕೂಡ ಉಳಿದಿಲ್ಲ, ಒಳಗೆ ಜಾಲಿ ಬೆಳೆದಿದೆ. ದಾನಿಗಳು ದುಡ್ಡು ಕೊಟ್ಟರು, ಸರ್ಕಾರ ಜಾಗ ಕೊಟ್ಟಿತು, ಯಾರದೂ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ದನ ಕಟ್ಟಲು ಜಾಗ ಇಲ್ಲ, ಮಗ್ಗ ಹೂಡಲು ಕೋಣೆ ಸಾಲದು, ಹೊಲ ದೂರ. ಹೀಗಾಗಿ ಎಷ್ಟೋ ಜನ ಹೊಳೆ ದಂಡೆಯ ಹಳೇ ಊರಲ್ಲೇ ಉಳಿದರು, 2019ರಲ್ಲಿ ಮತ್ತೆ ಮುಳುಗಿದರು. ಅವರನ್ನು ಹಟಮಾರಿಗಳು ಅಂತ ಬೈದವರೂ ಇದ್ದಾರೆ, ನನಗೆ ಅದು ತುಂಬಾ ನೋವಾಗುತ್ತದೆ. ದುಡಿಯುವ ಜಾಗ ಬಿಟ್ಟು ಮಲಗುವ ಜಾಗಕ್ಕೆ ಹೋಗಿ ಅಂದರೆ ಯಾರು ತಾನೇ ಹೋಗುತ್ತಾರೆ?

ಆದ್ದರಿಂದ ನಮ್ಮ ಶಾಸಕರಿಗೆ, ಜಿಲ್ಲಾ ಉಸ್ತುವಾರಿ ಸಚಿವರಿಗೆ, ಕಂದಾಯ ಇಲಾಖೆಗೆ ನಿಮ್ಮ ಪತ್ರಿಕೆಯ ಮೂಲಕ ಕೇಳುವುದು ಇಷ್ಟೇ. ನೆರೆಯ ಪಂಚನಾಮೆ ನಮೂನೆಯಲ್ಲಿ ಮನೆ, ಬೆಳೆ, ಜಾನುವಾರು ಜೊತೆಗೆ ದುಡಿಮೆ ಅಂತ ಇನ್ನೊಂದು ಪುಟ ಸೇರಿಸಿ, ಮನೆ ಯಾರದು ಅನ್ನುವುದರ ಜೊತೆಗೆ ಇಲ್ಲಿ ಯಾರು ಏನು ಮಾಡಿ ಬದುಕುತ್ತಾರೆ ಅಂತಲೂ ಕೇಳಿಸಿ. ಮಗ್ಗ, ಅಂಗಡಿ, ಲಾವಣಿ ರೈತರ ಪಟ್ಟಿಯನ್ನು ನೀರು ಬಂದ ಮೇಲೆ ಮಾಡಲು ಹೋಗಬೇಡಿ, ಹೊಳೆ ದಂಡೆಯ ಊರುಗಳಲ್ಲಿ ಮೇ ತಿಂಗಳಲ್ಲೇ ಮಾಡಿ ಗ್ರಾಮ ಪಂಚಾಯ್ತಿ, ಪುರಸಭೆ ಗೋಡೆಗೆ ಅಂಟಿಸಿ. ಬಡ್ಡಿ ಇಲ್ಲದ ಸಾಲವನ್ನು ಮಹಿಳಾ ಗುಂಪುಗಳ ಮೂಲಕ ಕೊಡಿಸಿ. ಮತ್ತೆ ಸಂಪಾದಕರೇ, ನಿಮ್ಮಲ್ಲೂ ಒಂದು ಮನವಿ ಇದೆ. ನೀರು ಬಂದಾಗ ನಿಮ್ಮ ವರದಿಗಾರರು ಮೊಣಕಾಲುದ್ದ ನೀರಲ್ಲಿ ನಿಂತು ವರದಿ ಮಾಡಿದ್ದನ್ನು ನಾವು ಮರೆತಿಲ್ಲ. ಅದೇ ವರದಿಗಾರರನ್ನು ಒಂದು ಸಂತೆಯ ದಿನ ರಾಮದುರ್ಗಕ್ಕೆ ಕಳಿಸಿ. 25 ಸಾವಿರ ಎಷ್ಟು ಮಗ್ಗಕ್ಕೆ ಮುಟ್ಟಿತು, ಎಷ್ಟು ಮಗ್ಗ ಮತ್ತೆ ಶುರುವಾದವು, ಯಾವ ಮನೆಯವರು ಊರು ಬಿಟ್ಟರು ಅಂತ ಓಣಿ ಓಣಿ ಕೇಳಿ ಬರೆಯಲಿ. ಓಣಿ ತೋರಿಸಲು ನಾನೇ ಬರುತ್ತೇನೆ.

ಇಂತಿ,
ನಿಮ್ಮ ಓದುಗ
ರಾಮದುರ್ಗ, ಬೆಳಗಾವಿ ಜಿಲ್ಲೆ