ರಾತ್ರಿ ಹತ್ತರ ಮೇಲೆ ಸೋಬಾನೆ ಪದ ಯಾರಿಗೆ?

ಮಾನ್ಯ ಸಂಪಾದಕರೇ,

ನಮ್ಮ ಭಾಗದ ಕಲೆ, ಸಂಸ್ಕೃತಿ ಬಗ್ಗೆ ರೇಡಿಯೋದಲ್ಲಿ ವಾರಕ್ಕೊಂದ್ಸಲ ಬರೋ ಕಾರ್ಯಕ್ರಮವನ್ನ ಸಂಜೆಯಿಂದ ಎತ್ತಿ ರಾತ್ರಿ ಹತ್ತರ ಮೇಲಕ್ಕೆ ಹಾಕಿದ್ದಾರೆ, ಇದು ಸರಿಯಲ್ಲ. ಹೊಲದಿಂದ ಬಂದು ದನಕರು ನೋಡ್ಕೊಂಡು ಉಂಡು ಮಲಗೋ ಜನ ಅಷ್ಟೊತ್ತಲ್ಲಿ ಎದ್ದಿರ್ತಾರಾ? ಕೇಳೋರೂ ಅವರೇ, ಅದರಲ್ಲಿ ಹಾಡೋರೂ ಅವರೇ. ತತ್ವಪದ, ಗೀಗೀ ಪದ, ಸೋಬಾನೆ, ಮೂಡಲಪಾಯ ಯಕ್ಷಗಾನದ ಭಾಗವತರ ಮಾತು ಇವೆಲ್ಲ ಸಿನಿಮಾ ಹಾಡಿನ ಥರ ಮೊಬೈಲಲ್ಲಿ ಹುಡುಕಿದ ತಕ್ಷಣ ಸಿಗೋ ಸರಕಲ್ಲ, ಬಾಯಿಂದ ಬಾಯಿಗೆ ಬಂದಿದ್ದು, ಎಷ್ಟೋ ಪದ ಬರೆದಿಟ್ಟಿರೋದೂ ಇಲ್ಲ, ಹಾಡೋ ಅಜ್ಜಿ ಹೋದ್ರೆ ಪದಾನೂ ಅವರ ಜೊತೆಗೇ ಹೋಯ್ತು ಅಂತ್ಲೇ ಲೆಕ್ಕ. ಸಮಯ ಬದಲಾಗೋಕೆ ಮುಂಚೇನೂ ಒಂದೆರಡು ಸಲ ಪದದ ಮಧ್ಯದಲ್ಲೇ ಕಟ್ ಮಾಡಿ ಜಾಹೀರಾತು ಹಾಕಿದ್ರು, ಆಗ್ಲೇ ಅನುಮಾನ ಬಂದಿತ್ತು ಬಿಡಿ.

1935ರಲ್ಲಿ ಮೈಸೂರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೇಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಕೊಂಡು ‘ಆಕಾಶವಾಣಿ’ ಶುರು ಮಾಡಿದ್ರು. ಅಷ್ಟು ಕಮ್ಮಿ ಸೌಲಭ್ಯದಲ್ಲೇ ಕನ್ನಡದ ಮಾತು, ಸಂಗೀತ ಜನರಿಗೆ ತಲುಪಿಸಿದ ನಾಡಲ್ಲಿ, ಈಗ ದೊಡ್ಡ ಸ್ಟುಡಿಯೋ ಇದ್ದೂ ವಾರಕ್ಕೆ ಅರ್ಧ ಗಂಟೆ ಒಳ್ಳೆ ಸಮಯ ಸಿಗಲ್ಲ ಅಂದ್ರೆ ಹೇಗೆ?

ಕಾರ್ಯಕ್ರಮವನ್ನ ಮತ್ತೆ ಸಂಜೆ ಆರೂವರೆ ಏಳರ ಹೊತ್ತಿಗೆ ತರ್ಲಿ, ಮಾರನೇ ದಿನ ಬೆಳಗ್ಗೆ ಒಂದ್ಸಲ ಮರುಪ್ರಸಾರ ಮಾಡ್ಲಿ. ಹಳೇ ರೆಕಾರ್ಡಿಂಗ್‌ಗಳನ್ನ ಹಾಡಿದೋರ ಹೆಸರು, ಊರಿನ ಸಮೇತ ಯೂಟ್ಯೂಬಿಗೆ ಹಾಕಿದ್ರೆ ಪೇಟೆ ಸೇರಿರೋ ಮಕ್ಕಳೂ ಕೇಳ್ತಾರೆ.

– ಒಬ್ಬ ಹಳೇ ಕೇಳುಗ